ಸಗರದಿಂದ ಬಂದ ಕಟಿಂಗ್ ಕುರ್ಚಿ

ಬೇರೆಯವರ ಮನೆಯ ಸಾಮಾನು ಅಂಗಳಕ್ಕೆ ಬಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ನನ್ನ ಕಾಲು ನಿಲ್ಲುವುದಿಲ್ಲ. ಇದು ಒಳ್ಳೆಯ ಚಟವಲ್ಲ ಎಂದು ಗೊತ್ತು. ಯಾರೋ ಮನೆ ಬದಲಾಯಿಸುತ್ತಿರುತ್ತಾರೆ, ಇನ್ಯಾರೋ ಹಳೆಯ ಗೋಡೆ ಕೆಡವಿ ಸ್ಲ್ಯಾಬು ಹಾಕಿಸುತ್ತಿರುತ್ತಾರೆ. ಎಷ್ಟೋ ವರ್ಷ ಅಟ್ಟದ ಕತ್ತಲಲ್ಲಿದ್ದ ವಸ್ತುಗಳೆಲ್ಲ ಕೆಳಗಿಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುತ್ತವೆ. ಗುಜರಿಯವರ ಗಾಡಿ ಬರುವ ಮೊದಲೇ ನಾನು ಅಲ್ಲಿರುತ್ತೇನೆ.

ಹೀಗೆ ಸುರಪುರದ ಒಂದು ಮನೆಯಿಂದ ಅರ್ಧ ತಂತಿ ಹರಿದ ಬುಲ್‌ಬುಲ್ ತರಂಗ್ ವಾದ್ಯ ತಂದೆ. ಕಕ್ಕೇರಾದಿಂದ ಎತ್ತಿನ ಕೊಂಬಿಗೆ ತೊಡಿಸುವ ಜೋಡಿ ಹಿತ್ತಾಳೆ ಕೊಂಬಣಸು ಬಂದವು. ನಮ್ಮಲ್ಲಿ ಎತ್ತಿಲ್ಲ, ಅವುಗಳಲ್ಲಿ ಕೆಂಪು ಶಾಯಿಯ ಪೆನ್ನು ಇಡುತ್ತೇನೆ. ನಾನು ದಿನಾ ನೀರು ಕುಡಿಯುವ ಸ್ಟೀಲ್ ಲೋಟದ ಮೇಲೆ ‘ಸುಭದ್ರಾಳ ಲಗ್ನಕ್ಕೆ ಸೋದರಮಾವನಿಂದ’ ಎಂದು ಕೊರೆದಿದೆ. ಸುಭದ್ರಾ ಯಾರೋ, ಎಲ್ಲಿದ್ದಾಳೋ. ಬೇಸಿಗೆಯ ಮಧ್ಯಾಹ್ನ ಆ ಲೋಟ ತುಟಿಗಿಟ್ಟಾಗ ಒಮ್ಮೊಮ್ಮೆ ಯಾವುದೋ ಹಂದರದ ನೆರಳು ಮೈಮೇಲೆ ಬಿದ್ದಂತಾಗುತ್ತದೆ. ಬೀಗರ ನಡುವೆ ಹೆಸರು ಗೊತ್ತಿಲ್ಲದೆ ಪಂಕ್ತಿಯಲ್ಲಿ ಕೂತವಳಂತೆ ಸುಮ್ಮನೆ ಕುಡಿದು ಕೆಳಗಿಡುತ್ತೇನೆ.

ಗುಜರಿ ಎಂಬ ಮಾತಿನ ಬಗ್ಗೆ ನಮ್ಮ ಶಾಲೆಯ ಉರ್ದು ಟೀಚರ್ ನಸೀಮಾ ಒಂದು ವಿವರಣೆ ಕೊಡುತ್ತಾರೆ. ಅವರ ಭಾಷೆಯಲ್ಲಿ ಗುಜರ್ ಜಾನಾ ಎಂದರೆ ಕಳೆದುಹೋಗುವುದು, ಹಾದುಹೋಗುವುದು. ಸತ್ತವರಿಗೂ ಅದನ್ನೇ ಹೇಳುತ್ತಾರೆ. “ಅದಕ್ಕ ನೋಡ್ರಿ, ನೀವು ತರೋದೆಲ್ಲ ಗುಜರಿದ್ದು,” ಎಂದು ನಗುತ್ತಾರೆ. ನಿಘಂಟು ಇದನ್ನು ಒಪ್ಪುತ್ತದೋ ಇಲ್ಲವೋ, ನಾನು ಒಪ್ಪಿದ್ದೇನೆ. ಆದರೆ ಕಳೆದ ಚಳಿಗಾಲದಲ್ಲಿ ನಾನು ತಂದ ವಸ್ತುವನ್ನು ನೋಡಿ ನಸೀಮಾ ಕೂಡ ನಗಲಿಲ್ಲ. ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತರು.

ಅದು ಕ್ಷೌರದಂಗಡಿಯ ಕುರ್ಚಿ. ನಮ್ಮಲ್ಲಿ ಎಲ್ಲರೂ ಕಟಿಂಗ್ ಕುರ್ಚಿ ಎನ್ನುತ್ತಾರೆ.

ನಾನು ಶಹಾಪುರದಲ್ಲಿದ್ದೇನೆ, ಪಾಠ ಹೇಳುವುದು ಸಗರದಲ್ಲಿ. ಶನಿವಾರ ಮುಂಜಾನೆ ಶಾಲೆ ಮುಗಿಸಿ ಬಸ್ಸಿಗೆ ಬರುತ್ತಿದ್ದಾಗ ಶರಣಪ್ಪನವರ ಅಂಗಳದಲ್ಲಿ ಸಾಮಾನು ಹರಡಿದ್ದು ಕಂಡಿತು. ಶರಣಪ್ಪ ಊರಿನ ಗಂಡಸರಿಗೆಲ್ಲ ನಲವತ್ತು ವರ್ಷ ಕ್ಷೌರ ಮಾಡಿದವರು. ಎರಡು ವರ್ಷದಿಂದ ಕೈ ನಡುಗುವ ಕಾಯಿಲೆ. ಅಂಗಡಿ ಮುಚ್ಚಿತ್ತು. ಮಗ ಯಾದಗಿರಿಯಲ್ಲಿ ಸೋಫಾದಂಥ ಕುರ್ಚಿಗಳ ಸಲೂನ್ ಇಟ್ಟಿದ್ದ, ಅವನಿಗೆ ಈ ಹಳೆಯದ್ಯಾವುದೂ ಬೇಕಿರಲಿಲ್ಲ. ಅಂಚು ಮಸುಕಾದ ಎರಡು ಕನ್ನಡಿ, ನೀರು ಚಿಮುಕಿಸುವ ಬಾಟಲಿ, ಕತ್ತಿ ಮಸೆಯುವ ಚರ್ಮದ ಪಟ್ಟಿ, ನಡುವೆ ಬೀಡುಕಬ್ಬಿಣದ ಪಾದದ ಮೇಲೆ ಆ ಕುರ್ಚಿ. ಶರಣಪ್ಪನವರ ಹೆಂಡತಿ ಮಲ್ಲಮ್ಮ ಹೊಸ್ತಿಲಲ್ಲಿ ಕೂತು ಮಾರುತ್ತಿದ್ದಳು. ಒಳಗೆ ಶರಣಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಇರಲಿಲ್ಲ, ಕೊಳ್ಳುವವರ ದನಿ ಕೇಳಿದಾಗೊಮ್ಮೆ ಕಾಲ ಬೆರಳು ಅಲುಗುತ್ತಿತ್ತು.

ಕುರ್ಚಿ ನೋಡಿದ ಕೂಡಲೆ ನಾನು ಏಳು ವರ್ಷದವಳಾದೆ. ಆಗ ನಾವು ಕೊಂಕಲ್‌ನಲ್ಲಿದ್ದೆವು, ಅಪ್ಪ ಅಲ್ಲಿ ಮಾಸ್ತರರು. ಅವರ ಜೊತೆ ಕಟಿಂಗ್ ಅಂಗಡಿಯವರೆಗೆ ಹೋಗುತ್ತಿದ್ದೆ, ಒಳಗೆ ಹೋಗುವಂತಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದೆ. ಮನೆಯಲ್ಲೂ ಶಾಲೆಯಲ್ಲೂ ಯಾರಿಗೂ ಬಗ್ಗದ ನಮ್ಮಪ್ಪ, ಕುರ್ಚಿ ಹಿಂದಕ್ಕೆ ಬಾಗಿದ ಕೂಡಲೆ ಕೊರಳು ಒಪ್ಪಿಸಿ ಕಣ್ಣು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಯಿ ತೆರೆಯುತ್ತಿತ್ತು. ಬಿಳಿ ಬಟ್ಟೆ ಹೊದ್ದು ಮೋಡದ ಮೇಲೆ ಮಲಗಿದವರಂತೆ ಕಾಣುತ್ತಿದ್ದರು. ಅವರು ಎಲ್ಲಿಗೆ ಹೋಗಿ ಬರುತ್ತಾರೆ ಎಂದು ನನಗೆ ಬಹಳ ಕುತೂಹಲ. ಗಂಡಸರಿಗೆ ಮಾತ್ರ ಟಿಕೆಟ್ಟು ಕೊಡುವ ಊರೊಂದಿದೆ ಎಂದು ಎಷ್ಟೋ ದಿನ ನಂಬಿದ್ದೆ.

“ಮಲ್ಲಮ್ಮ, ಕುರ್ಚಿ ನನಗ ಬೇಕು,” ಎಂದೆ.

“ಮನಿಯವರು ಅಂಗಡಿ ಹಾಕ್ತಾರೇನ್ರಿ ಟೀಚರ್?”

“ಇಲ್ಲ. ನಾ ಕುಂದರಾಕ.”

ಮಲ್ಲಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಬ್ ಕಟ್ ಮಾಡಿಸಿಕೊಳ್ಳುವ ವಿಚಾರವೇನಾದರೂ ಇದೆಯೋ ಎಂದು ಜಡೆಯನ್ನೂ ನೋಡಿದಳು. “ತಲಿ ಇಡೋ ದಿಂಬು ಕಳಚಿ ಎಲ್ಲೋ ಇಟ್ಟೀನ್ರಿ, ಹುಡುಕಿ ಕೊಡ್ತೀನಿ,” ಎಂದಷ್ಟೇ ಹೇಳಿದಳು.

ಟಂಟಂ ಗಾಡಿಯ ಹಿಂದೆ ಕುರ್ಚಿ ಕಟ್ಟಿ ಶಹಾಪುರಕ್ಕೆ ಹೊರಟಾಗ, ದಾರಿಯುದ್ದಕ್ಕೂ ಅದು ತನ್ನಷ್ಟಕ್ಕೆ ತಾನು ಮೆಲ್ಲಗೆ ತಿರುಗುತ್ತಿತ್ತು. ಹತ್ತಿ ಹೊಲ, ಕಾಲುವೆ, ಗುಡ್ಡ ಎಲ್ಲವನ್ನೂ ನಿಧಾನವಾಗಿ ನೋಡಿಕೊಂಡು ಬರುವ ದೊಡ್ಡವರಂತೆ.

ನಮ್ಮ ಮನೆಯವರು ತಾಲೂಕು ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಆ ದಿನ ಮಾತ್ರ ಬಾಗಿಲಲ್ಲೇ ತಡೆದರು. “ಇದನ್ನ ಪಡಸಾಲ್ಯಾಗ ಇಟ್ರ ಮಂದಿ ಏನಂದಾರು? ನಾಳಿ ದಾಡಿ ಮಾಡಸಾಕ ಬಂದು ಕುಂದರ್ತಾರ.” ಅವರ ಭಯ ಪೂರ್ತಿ ಸುಳ್ಳಾಗಲಿಲ್ಲ. ಮೂರನೆಯ ದಿನ ಓಣಿಯ ಹಿರಿಯರೊಬ್ಬರು ಕಿಟಕಿಯಲ್ಲಿ ಇಣುಕಿ, “ಎಷ್ಟು ಗಂಟೆಕ್ಕ ತೆಗೀತೀರ್ರಿ?” ಎಂದು ಕೇಳಿಯೇಬಿಟ್ಟರು. ಆದರೆ ಮುಂದಿನ ಭಾನುವಾರ ನಾನು ಸಂತೆಯಿಂದ ಬಂದು ನೋಡಿದರೆ ನಮ್ಮ ಮನೆಯವರು ಅದರಲ್ಲೇ ಕಾಲು ಚಾಚಿ, ಮುಖದ ಮೇಲೆ ಪೇಪರು ಹೊದ್ದು ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಮಂದಿಯ ಸುದ್ದಿ ಬರಲಿಲ್ಲ.

ಶನಿವಾರ ಮಧ್ಯಾಹ್ನ ನಾಲ್ಕರ ಮೇಲೆ ಕುರ್ಚಿ ನನ್ನದು. ಹಿಂದಕ್ಕೆ ಬಾಗಿಸಿ, ತಲೆಯ ಕೆಳಗೆ ಟವೆಲ್ ಸುತ್ತಿಟ್ಟು ಮಲಗಿ ಎಡಕ್ಕೆ ಕತ್ತು ಹೊರಳಿಸಿದರೆ ಕಿಟಕಿಯಲ್ಲಿ ಮಲಗಿದ ಬುದ್ಧನ ಗುಡ್ಡ: ಹಣೆ, ಮೂಗು, ಗದ್ದ, ಎದೆ. ಅವನೂ ಅಂಗಾತ, ನಾನೂ ಅಂಗಾತ. ಆ ಹೊತ್ತಿನ ಬಿಸಿಲಿಗೆ ಬೆಲ್ಲದ ಬಣ್ಣ. ಅರ್ಧ ನಿದ್ದೆಯಲ್ಲಿ ಯಾರೋ ಕತ್ತರಿ ಆಡಿಸಿದ ಸದ್ದು ಬರುತ್ತದೆ. ನಲವತ್ತು ವರ್ಷ ಈ ಕುರ್ಚಿಯಲ್ಲಿ ಕೂತು ಆಡಿದ ಮಾತುಗಳು, ಮಳೆ, ಜೋಳ, ಇಲೆಕ್ಷನ್ನು, ಮಗಳ ಲಗ್ನ, ಎಲ್ಲ ಒಂದರೊಳಗೊಂದು ಕರಗಿ ದೂರದ ಸಂತೆಯ ಗದ್ದಲವಾಗಿ ಕೇಳುತ್ತವೆ. ಅಪ್ಪ ಹೋಗುತ್ತಿದ್ದ ಊರು ಇದೇ ಇರಬೇಕು. ಅಲ್ಲಿ ಯಾರಿಗೂ ಯಾವ ಕೆಲಸವೂ ಇಲ್ಲ.

ಒಂದು ದಿನ ಹಾಗೆ ಮಲಗಿದ್ದಾಗ ಬಾಗಿಲಲ್ಲಿ ಮಲ್ಲಮ್ಮ ನಿಂತಿದ್ದಳು. ಕೈಯಲ್ಲಿ ತಲೆದಿಂಬು.

“ಅವರನ್ನ ದವಾಖಾನಿಗಿ ಕರಕೊಂಡು ಬಂದಿದ್ದೆ. ಚೀಟಿ ಪಾಳಿ ದೊಡ್ಡದದ, ಅವರನ್ನ ಅಲ್ಲೇ ಕುಂದರಿಸೀನಿ. ಇದನ್ನ ಕೊಟ್ಟು ಹೋಗಮಂತ ಬಂದ್ನಿ.”

ನಾನು ಗಡಬಡಿಸಿ ಎದ್ದೆ. ಅವಳು ತಾನೇ ದಿಂಬಿನ ಸರಳನ್ನು ಬೆನ್ನಿನ ತೂತಿಗೆ ಸಿಕ್ಕಿಸಿ, ತಿರುಪು ಬಿಗಿ ಮಾಡಿ, ಸೆರಗಿನಿಂದ ಕುರ್ಚಿಯ ತೋಳುಗಳನ್ನು ಒರೆಸಿದಳು. ಕೈಗೆ ಬಾಯಿಪಾಠವಾದ ಕೆಲಸ.

“ಕುಂದರ್ರಿ ಮಲ್ಲಮ್ಮ,” ಎಂದೆ.

ಅವಳು ನೆಲಕ್ಕೆ ಕೂರಲು ಹೊರಟಳು.

“ಅಲ್ಲಲ್ಲ, ಕುರ್ಚಿ ಮ್ಯಾಲ.”

“ಹೇ, ಬ್ಯಾಡ್ರಿ! ನಾ ಒಂದ್ ದಿನಾನೂ ಕುಂತಿಲ್ರಿ ಇದರ ಮ್ಯಾಲ. ಮುಂಜಾನಿ ನಾನ ಒರಸ್ತಿದ್ದೆ, ಟವೆಲ್ ನಾನ ಒಗೀತಿದ್ದೆ, ಕೂದಲಾ ನಾನ ಕಸಬರಗಿಲೆ ಬಳೀತಿದ್ದೆ. ಕುಂದ್ರೋದು ಗಿರಾಕಿ.”

“ಈಗ ಅಂಗಡಿ ಎಲ್ಲದ? ಗಿರಾಕಿ ಎಲ್ಲದಾರ?”

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟ ಕಾಲನ್ನೇ ಮತ್ತೊಮ್ಮೆ ಚಾಪೆಗೆ ಒರೆಸಿ, ಬಸ್ಸು ಹತ್ತುವವಳಂತೆ ಕುರ್ಚಿಯ ಒಂದು ತೋಳು ಹಿಡಿದು ಹತ್ತಿ ಕೂತಳು. ತುದಿಯಲ್ಲಿ. ನಾನು ಹಿಡಿಕೆ ಒತ್ತಿ ಮೆಲ್ಲಗೆ ಹಿಂದಕ್ಕೆ ಬಾಗಿಸಿದೆ. “ಯವ್ವಾ!” ಎಂದು ಎರಡೂ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಸ್ವಲ್ಪ ಹೊತ್ತು ಮೇಲೆ ನೋಡಿದಳು. ಮುಖದಲ್ಲಿ ನಿರಾಶೆ. “ಇಷ್ಟಽ ಏನ್ರಿ? ಬರೇ ಮಾಳಿಗಿ ಕಾಣ್ತದ. ಇದಕ್ಕ ಆ ಗಂಡಸೂರು ತಾಸುಗಟ್ಲೆ ಬಿದ್ದಿರತಿದ್ರಲ್ಲ!”

“ಕಣ್ಣು ಮುಚ್ಚಬೇಕು, ಮಲ್ಲಮ್ಮ.”

ಮುಚ್ಚಿದಳು. ಹುಬ್ಬಿನ ನಡುವಿನ ಗಂಟು ಒಂದೊಂದೇ ಎಳೆಯಾಗಿ ಸಡಿಲವಾಯಿತು. ತೋಳು ಹಿಡಿದ ಬೆರಳು ಬಿಟ್ಟವು. ಹುಣಸೆ ಕುಟ್ಟಿ, ಬಟ್ಟೆ ಹಿಂಡಿ ಕಲ್ಲಾದ ಆ ಕೈಗಳು ಮಡಿಲಲ್ಲಿ ಮಕ್ಕಳಂತೆ ಮಲಗಿದವು. ನಾನು ಫ್ಯಾನು ಕಡಿಮೆ ಮಾಡಿ ನೆಲದ ಮೇಲೆ ಕೂತೆ. ಗುಡ್ಡದ ಮೇಲಿನ ಬಿಸಿಲು ಒಂದು ಮೆಟ್ಟಿಲು ಇಳಿಯಿತು.

ಎಷ್ಟು ಹೊತ್ತೋ, ಹೊರಗೆ ಕೆಮ್ಮಿದ ಸದ್ದು. ಶರಣಪ್ಪ. ಹೆಂಡತಿ ಬರಲಿಲ್ಲವೆಂದು ಮನೆ ಕೇಳಿಕೊಂಡು ಬಂದಿದ್ದರು. ಎಡಗೈಯಲ್ಲಿ ಔಷಧಿ ಚೀಟಿ ಎಲೆಯಂತೆ ನಡುಗುತ್ತಿತ್ತು. ನಾನು ಎದ್ದು ತುಟಿಯ ಮೇಲೆ ಬೆರಳಿಟ್ಟೆ.

ಒಳಗೆ ಬಂದು ನಿಂತರು. ಕುರ್ಚಿ ನೋಡಿದರು, ಅದರಲ್ಲಿ ಮಲಗಿದವಳನ್ನು ನೋಡಿದರು. ಬೈಯುತ್ತಾರೋ ಎಂದು ನನಗೆ ಅಳುಕು. ಅವರು ಚೀಟಿಯನ್ನು ಜೇಬಿಗಿಟ್ಟುಕೊಂಡು ಕುರ್ಚಿಯ ಹಿಂದೆ, ನಲವತ್ತು ವರ್ಷ ನಿಂತ ಜಾಗಕ್ಕೆ, ಹೋಗಿ ನಿಂತರು.

“ಎಣ್ಣಿ ಅದ ಏನ್ರಿ ಟೀಚರ್?” ಎಂದು ಪಿಸುಗುಟ್ಟಿದರು.

ಕೊಬ್ಬರಿ ಎಣ್ಣೆಯ ಬಾಟಲಿ ಕೊಟ್ಟೆ. ಅಂಗೈಗೆ ಹಾಕಿಕೊಳ್ಳುವಾಗ ಅರ್ಧ ನೆಲಕ್ಕೆ ಚೆಲ್ಲಿತು. “ಕತ್ತಿ ಹಿಡಿಯಾಕ ಬರಂಗಿಲ್ಲ. ತಲಿ ತಿಕ್ಕಾಕ ಏನದ?” ಎಂದು ಎರಡೂ ಕೈ ಅವಳ ತಲೆಯ ಮೇಲಿಟ್ಟರು. ಊರಿನ ಎಷ್ಟೋ ತಲೆ ತಿಕ್ಕಿದ ಕೈ. ಬೆರಳು ಬೈತಲೆಯ ಗುಂಟ ನಡೆದಂತೆ ನಡುಕವೂ ಚಂಪಿಯಲ್ಲಿ ಸೇರಿಹೋಯಿತು. ಯಾವುದು ಕಾಯಿಲೆ, ಯಾವುದು ಕಸುಬು ಎಂದು ಬೇರೆ ಮಾಡಲು ನನಗಾಗಲಿಲ್ಲ.

ಮಲ್ಲಮ್ಮನಿಗೆ ಎಚ್ಚರವಾದದ್ದು ಉಸಿರಿನಿಂದ ತಿಳಿಯಿತು. ಕಣ್ಣು ತೆರೆಯಲಿಲ್ಲ. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ. ಹಾಲು ಉಕ್ಕುವುದನ್ನೇ ನೋಡುತ್ತ ನಿಂತಾಗ ಶರಣಪ್ಪನವರ ದನಿ ಕೇಳಿತು. ಜೀವನವಿಡೀ ಗಿರಾಕಿಗೆ ಕೇಳಿದ ರೂಢಿಯಿಂದ ಬಂದ ಮಾತಿರಬೇಕು. ನಮ್ಮ ಸೀಮೆಯಲ್ಲಿ ಆ ವಯಸ್ಸಿನ ಗಂಡಸು ತನ್ನ ಹೆಂಡತಿಗೆ ಬಹುವಚನ ಹಚ್ಚಿದ್ದನ್ನು ನಾನಂತೂ ಕೇಳಿಲ್ಲ.

“ಸಾಕೇನ್ರಿ?” ಎಂದರು.

ಮಲ್ಲಮ್ಮ ನಿದ್ದೆಯ ದನಿಯಲ್ಲಿ, ಗಿರಾಕಿಯ ಪೂರ್ತಿ ಠೀವಿಯಲ್ಲಿ ಹೇಳಿದಳು:

“ಇನ್ನೊಂಚೂರು.”