ಮನೆಗೊಂದು ಮೀನು

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಅಂಬಿಕಾನಗರದ ನಮ್ಮ ಪಕ್ಕದ ಮನೆ. ಇದ್ದವರು ಮೂವರು: ತೀರಿಹೋದ ನೆರೆಯವರ ಹೆಂಡತಿ, ಅವರ ಅಳಿಯ, ನಾನು. ಅವರ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮರುದಿನ. ಅಳಿಯ ಚಹಾ ಸೋಸುವ ನೈಲಾನ್ ಜಾಲರಿಯಿಂದ ಮಾವನ ಮೀನುಗಳನ್ನು ಹಿಡಿಯುತ್ತಿದ್ದ. ಆರರಲ್ಲಿ ನಾಲ್ಕು ಆಗಲೇ ಬೇರೆ ಬೇರೆ ಪ್ಲಾಸ್ಟಿಕ್ ಚೀಲ ಸೇರಿದ್ದವು.

"ಮಾವನ ನೆನಪಿಗೆ ಮನಿಗೊಂದು ಕೊಡತೇವ್ರಿ. ಗಡಿಯಾರ ಒಬ್ಬರಿಗಾತು, ಶಾಲು ಒಬ್ಬರಿಗಾತು."

ನನಗೆ ಮೈ ಉರಿಯಿತು.

ಅವು ಗಾಜಿನ ತೊಟ್ಟಿಯಲ್ಲಿ ಸಾಕುವ ಕೋರಿ ಎಂಬ ಮೀನುಗಳು. ಹೆಬ್ಬೆರಳಿನಷ್ಟು ಗಾತ್ರ, ಮೂತಿಗೆ ಮೀಸೆ, ತಳದ ಮರಳು ಕೆದಕುತ್ತ ಗುಂಪಾಗಿಯೇ ಬದುಕುವಂಥವು. ಅವುಗಳಿಂದಾಗಿ ನೆರೆಯವರ ಅಂಗಿಯ ಬಲತೋಳು ಸದಾ ಮೊಣಕೈವರೆಗೆ ಒದ್ದೆ. ಆರಕ್ಕೆ ಲಿಂಗಪೂಜೆ, ಆರೂವರೆಗೆ ಮೀನು. ಮೊಟ್ಟೆಯೂ ಒಳಬರದ ಮನೆ. ತೇರಗಾಂವದ ಬೀಗರು ಬಂದಾಗಲೆಲ್ಲ ಕೆಣಕುತ್ತಿದ್ದರು: "ಲಿಂಗಾಯತರ ಮನ್ಯಾಗ ಮೀನ? ಸಾರು ಯಾವಾಗ್ರಿ?"

"ನಿಮಗ ಬಡಸೂದಕ್ಕಿಂತ ಇವಕ್ಕ ಹಾಕೂದ ಛಲೋರಿ. ಉಪ್ಪಿಲ್ಲ, ಖಾರಿಲ್ಲ ಅನ್ನೂದಿಲ್ಲ," ಎನ್ನುತ್ತಿದ್ದರು ನೆರೆಯವರು.

ನಿವೃತ್ತಿಯಾದ ವರ್ಷ ನಾನು ದಾಂಡೇಲಿಯಿಂದ ಒಂದೇ ಒಂದು ಕೋರಿ ತಂದಿದ್ದೆ. ಅದು ಮೂಲೆಯಲ್ಲಿ ಅವಿತು ಆಹಾರ ಬಿಟ್ಟಿತು. ನೋಡಲು ಬಂದ ನೆರೆಯವರು ಸಿಟ್ಟಾದರು. "ಅಕ್ಕಾರ, ಇದನ್ನೇನ ಜೈಲಿಗೆ ಹಾಕೀರೇನ್ರಿ? ಒಂದ ಇದ್ರ ಇದು ಬದುಕೂದಿಲ್ಲ."

ಮರುದಿನ ತಮ್ಮ ಹನ್ನೆರಡರಲ್ಲಿ ಆರನ್ನು ಸ್ಟೀಲ್ ಬೋಗುಣಿಯಲ್ಲಿ ತಂದು ನನ್ನ ತೊಟ್ಟಿಗೆ ಬಿಟ್ಟರು. "ಹಿಡಿಯಾಕ ಬಲೆ ಹಾಕಬ್ಯಾಡ್ರಿ, ರೆಕ್ಕಿ ಮುಳ್ಳು ಸಿಕ್ಕೋತಾವ. ಬೋಗುಣಿಲೆ ಹಿಡೀರಿ," ಎಂದರು. ಸಂಜೆಗೆ ನನ್ನದು ಮೂಲೆ ಬಿಟ್ಟು ಹೊರಬಂತು.

ಅಂಥ ಮನುಷ್ಯ ಎದೆನೋವು ಬಂದಾಗ ಯಾರಿಗೂ ಹೇಳದೆ ಒಬ್ಬರೇ ಆಸ್ಪತ್ರೆಗೆಂದು ಬಸ್ಸು ಹತ್ತಿದರು. ಬಸ್ಸಿನಲ್ಲೇ ತೀರಿಕೊಂಡರು. ಮೂವತ್ತು ವರ್ಷ ನರ್ಸ್ ಆಗಿದ್ದವಳು ಗೋಡೆಯಾಚೆಗೇ ಇದ್ದೆ. ನನಗೊಂದು ಕೂಗು ಹಾಕಲಿಲ್ಲ ಅವರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅದೆಲ್ಲ ಅಳಿಯನ ಮೇಲೆ ಬಿತ್ತು.

"ಕೆಳಗಿಡಪಾ ಅದನ್ನ. ನಿಮ್ಮ ಮಾವನ್ನ ತುಂಡು ಮಾಡಿ ಹಂಚತಿಯೇನ?"

ಅವನು ಹಿಂದೆ ಸರಿದ. ಅವರ ಹೆಂಡತಿ ಮೆಲ್ಲಗೆ, "ಅವಂಗೇನ ಗೊತ್ತರಿ ಅಕ್ಕಾ. ಆರೂ ನೀವ ಒಯ್ರಿ," ಎಂದರು.

ಐದನೆಯದರ ಮುಳ್ಳು ಜಾಲರಿಗೆ ಸಿಕ್ಕಿಕೊಂಡಿತ್ತು. ಕತ್ತರಿ ತರಿಸಿ ಎಳೆ ಕತ್ತರಿಸಿ ಬಿಡಿಸಿದೆ. ಆರನ್ನೂ ಬೋಗುಣಿಯಲ್ಲಿ ಮನೆಗೆ ತಂದು, ನನ್ನ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಬೆರೆಸಿ ಒಗ್ಗಿಸಿದೆ. ಹನ್ನೊಂದೂವರೆಗೆ ಕೊನೆಯದನ್ನು ಬಿಟ್ಟೆ. ಹದಿಮೂರೂ ಮರಳಿಗೆ ಮೂತಿ ಹಚ್ಚಿದವು. ನೆಲ ಒರೆಸಿ, ಅನ್ನಕ್ಕಿಟ್ಟು, ಪಕ್ಕದ ಮನೆಗೆ ಹೋಗಿ ಅವರ ಹೆಂಡತಿಯನ್ನು ಊಟಕ್ಕೆ ಕರೆತಂದೆ.