ಬಾಗಿಲಕ್ಕ ಮಾವ ಇರಂಗಿಲ್ರಿ

ಅಕ್ಕಿಆಲೂರಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲೊಂದು ಸಣ್ಣ ಸಂತೆ. ಅಲ್ಲಿ ಸೊಪ್ಪು ಮಾರುವ ಹಾಲವ್ವ ಸಂತೆಯ ದಿನ ಸಂಜೆಯವರೆಗೂ ನೀರು ಕುಡಿಯುತ್ತಿರಲಿಲ್ಲ; ಕುಡಿದರೆ ಹೋಗುವುದೆಲ್ಲಿಗೆ? ಹೆಂಗಸರಿಗೆಂದು ಕಟ್ಟಿದ ಶೌಚಾಲಯಕ್ಕೆ ಬೀಗ. ಒಳಗೆ ಸಂತೆಯ ಗುತ್ತಿಗೆ ಹಿಡಿದ ಬೀರಪ್ಪನ ಗೊಬ್ಬರದ ಚೀಲಗಳು. ಬೀರಪ್ಪ ಬೇರೆ ಯಾರೂ ಅಲ್ಲ, ಅವಳ ಮಾವನ ಅಣ್ಣ, ಅವಳಿಗೂ ಮಾವನೇ. ಆರು ತಿಂಗಳ ಕೂಸು ಒಣಗಿದ ಎದೆಗೆ ಬಾಯಿಟ್ಟು ಚೀರಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಆ ಉರಿಯೇ ಅವಳನ್ನು ಊರ ಶಾಲೆಯ ಮೃಣಾಲಿನಿ ಟೀಚರು ಆ ಬೀಗದ ಬಗ್ಗೆ ಮಾಡಿಸುತ್ತಿದ್ದ ಬೀದಿನಾಟಕದ ತಾಲೀಮಿಗೆ ಎಳೆದು ತಂದಿತು. ಮೊದಲ ದಿನವೇ ತನ್ನ ಪಾಡನ್ನು ಆಡಿ ತೋರಿಸಲು ಹೋಗಿ ಹೋ ಎಂದು ಅತ್ತಳು.

"ಅಳಬ್ಯಾಡ ಹಾಲವ್ವಾ. ನೀ ಅತ್ತರ ಮಂದಿನೂ ಅತ್ತು ಮನೀಗೆ ಹೋಗ್ತಾರ. ಕೀಲಿ ಕೇಳೋರ್ಯಾರು? ನೀ ಇವತ್ತಿಂದ ಆ ಬಾಗಿಲ" ಎಂದರು ಟೀಚರು.

"ಮನಶ್ಯಾರು ಬಾಗಿಲ ಆಗೂದು ಹ್ಯಾಂಗ್ರಿ ಅಕ್ಕಾರ?"

"ಆಗಬ್ಯಾಡ. ತೋರಸು, ಸಾಕು."

ಕೊರಳಿಗೆ ರಟ್ಟಿನ ಬೀಗ ಕಟ್ಟಿಕೊಂಡು, ಎರಡೂ ಕೈ ಚಾಚಿ ನಿಂತಳು. ಬೀರಪ್ಪನ ಪಾತ್ರದ ದಾವಲಬಿ ಹೆಗಲಿಗೆ ಟವೆಲ್ ಹಾಕಿ ಕೆಮ್ಮುತ್ತ ಬಂದಳು. ಕೆಮ್ಮು ಕೇಳಿದ್ದೇ ತಡ, ಹಾಲವ್ವನ ಕೈ ತಾನಾಗಿ ಸೆರಗನ್ನು ತಲೆಗೆಳೆಯಿತು; ಕಾಲು ಬದಿಗೆ ಸರಿಯಿತು.

"ಯವ್ವಾ! ಸೆರಗ ಹೊತ್ಕೊಂಡು ಹಾದಿ ಬಿಡೂ ಬಾಗಿಲ ನಾ ಎಲ್ಲೂ ಕಂಡಿಲ್ಲ ಬಿಡ!" ದಾವಲಬಿ ಬಿದ್ದು ಬಿದ್ದು ನಕ್ಕಳು.

ಹಾಲವ್ವನೂ ನಕ್ಕಳು, ಆದರೆ ಮಾತು ಮುಳ್ಳಿನಂತೆ ನಟ್ಟಿತು. ಮನೆಗೆ ಹೋಗಿ ರೊಟ್ಟಿ ಬಡಿಯುತ್ತ ಗಂಡನಿಗೆ, "ನಿಮ್ಮ ದೊಡ್ಡಪ್ಪನಂಗ ಕೆಮ್ಮ್ರಿ" ಎಂದಳು. "ನನಗೇನ ನೆಗಡಿ ಬಂದೈತೇನ?" ಎಂದು ಗೊಣಗುತ್ತಲೇ ಅವನು ಹದಿನೈದು ದಿನ ಕೆಮ್ಮಿದ. ಅವಳು ಸರಿಯದೆ ನಿಲ್ಲುವುದನ್ನು ಕಲಿತಳು.

ಸಂತೆಯ ದಿನ ಬೀಗ ಹಾಕಿದ ಬಾಗಿಲ ಮುಂದೆಯೇ ನಾಟಕ. ಅರ್ಧಕ್ಕೆ ಜನ ಸರಿದು ದಾರಿ ಬಿಟ್ಟರು. ನಿಜವಾದ ಕೆಮ್ಮು ಕೇಳಿಸಿತು.

"ಮನಿತನದ ಮರ್ಯಾದಿ ಸಂತ್ಯಾಗ ಹರಾಜ ಹಾಕಾಕತ್ತೀಯೇನ? ಸರಿ ಬಾಜೂಕ!" ಬೀರಪ್ಪ ಗುಡುಗಿದ.

ಬೆರಳು ಸೆರಗಿಗಾಗಿ ಮಿಡುಕಿತು. ಕೈ ಮಾತ್ರ ಕದಲಲಿಲ್ಲ.

"ನಾ ಬಾಗಿಲ ಅದೀನ್ರಿ. ಬೈದ್ರ ತೆರಿಯಂಗಿಲ್ರಿ. ಕೀಲಿ ತರ್ರಿ."

"ನಾ ನಿನ್ನ ಮಾವ ಅದೀನಿ!"

"ಬಾಗಿಲಕ್ಕ ಮಾವ ಇರಂಗಿಲ್ರಿ."

ಹಿಂದಿನಿಂದ ಮೆಣಸಿನಕಾಯಿ ಮಾರುವ ಮುದಕವ್ವ ಕೂಗಿದಳು: "ಕೀಲಿ ತಾರೋ ಬೀರ್ಯಾ! ಮುಂಜಾನಿಂದ ತಡ್ಕೊಂಡ ಕುಂತೇನಿ!"

ಸಂತೆಗೆ ಸಂತೆಯೇ ನಕ್ಕಿತು. "ಕೀಲಿ, ಕೀಲಿ" ಎಂದಿತು. ಬೀರಪ್ಪ ಬಿರಬಿರನೆ ನಡೆದುಬಿಟ್ಟ.

"ನಾಟಕ ಮುಗೀತಲ್ಲ, ಕೈ ಇಳಸ" ಎಂದಳು ದಾವಲಬಿ.

"ಕೀಲಿ ಬಂದಿಲ್ಲ."

ಕೂಸು ಅಳತೊಡಗಿತು. ಹಾಲವ್ವ ಒಂದು ಕೈಯನ್ನು ಚಾಚಿಯೇ ಇಟ್ಟು, ಇನ್ನೊಂದರಲ್ಲಿ ಮುದಕವ್ವನ ತಂಬಿಗೆ ಇಸಿದುಕೊಂಡಳು. ಬೀಗದ ಕಡೆ ಒಮ್ಮೆ ನೋಡಿ, ನಡುಸಂತೆಯಲ್ಲಿ ನಿಂತು, ತಂಬಿಗೆ ತುಂಬ ನೀರನ್ನು ಗಟಗಟನೆ ಕುಡಿದಳು.