ಕಾರಣ ಹೇಳದೆ ಎದ್ದುಹೋದವರು

ಮೊನ್ನೆ ಠಾಣೆ ಸ್ಟೇಷನ್ನಿನ ಹೊರಗೆ, ರಿಕ್ಷಾ ಸಾಲಿನ ಪಕ್ಕದಲ್ಲಿ, ಒಬ್ಬಾಕೆ ಬುಟ್ಟಿಯಲ್ಲಿ ಸುರಗಿ ಮಾಲೆ ಇಟ್ಟುಕೊಂಡು ಕುಳಿತಿದ್ದಳು. ಬೆವರು, ವಡೆ ಕರಿದ ಎಣ್ಣೆ, ಎಲ್ಲವನ್ನೂ ದಾಟಿ ಆ ಪರಿಮಳ ಬಂತು. ಹೂ ಕೊಳ್ಳಲಿಲ್ಲ. ಸುಮ್ಮನೆ ನಿಂತೆ. ಹನ್ನೆರಡು ವರ್ಷಗಳ ಹಿಂದೆ ಕೋರ್ಟಿನ ಒಂದು ಸಣ್ಣ ಕೋಣೆಯಲ್ಲಿ, ಮೇಜಿನ ಆಚೆ ಕುಳಿತಿದ್ದವರ ಮುಡಿಯಲ್ಲಿ ಇದೇ ಹೂವಿತ್ತು...

ಅವರನ್ನು ನಾವು ಮೇಡಂ ಎನ್ನುತ್ತಿದ್ದೆವು. ವಕೀಲರು. ಕೌಟುಂಬಿಕ ನ್ಯಾಯಾಲಯ ಕಳಿಸಿಕೊಡುವ ಜಗಳಗಳಿಗೆ ಮಧ್ಯಸ್ಥಿಕೆ ಮಾಡುತ್ತಿದ್ದರು. ಆಗ ನಾನು ಗಂಡನ ಮನೆ ಬಿಟ್ಟು, ಆರು ವರ್ಷದ ಮಗಳೊಂದಿಗೆ ಡೊಂಬಿವಲಿಯಲ್ಲಿ ಅಮ್ಮನ ಜೊತೆ ಇದ್ದೆ. ಗಂಡ ಕಲ್ಯಾಣದ ಮರಾಠಿ ಮನೆಯವರು. ಮಗಳು ಯಾರ ಹತ್ತಿರ ಇರಬೇಕು ಎಂಬುದೇ ನಮ್ಮ ವ್ಯಾಜ್ಯ.

ಮೊದಲ ದಿನ ಬಾಗಿಲ ಹೊರಗೆ ಅವರು ಕ್ಯಾಂಟೀನಿನವನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಸಕ್ಕರೆ ಹಾಕಬೇಡ ಮಾರಾಯ, ಎಷ್ಟು ಸಲ ಹೇಳುದು?" ನಮ್ಮೂರ ಕಡೆಯ ಕನ್ನಡ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಕುಳಿತವಳೇ ಕನ್ನಡದಲ್ಲಿ ಕೇಳಿದೆ, "ಮೇಡಂ, ನೀವು ಉಡುಪಿ ಕಡೆಯವರಾ?"

ಅವರು ನನಗೆ ಉತ್ತರ ಕೊಡಲಿಲ್ಲ. ಗಂಡನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: ನಾನು ಉಡುಪಿಯವಳಾ ಎಂದು ಇವರು ಕೇಳಿದರು. ಹೌದು. ನಿಮಗೆ ಬೇರೆ ಮಧ್ಯಸ್ಥರು ಬೇಕೆನಿಸಿದರೆ ಈಗಲೇ ಹೇಳಿ, ನನಗೇನೂ ಬೇಸರವಿಲ್ಲ. ಗಂಡ, ನಡೆಯುತ್ತದೆ ಎಂಬಂತೆ ತಲೆಯಾಡಿಸಿ, "ಚಲೇಗಾ ಮೇಡಂ" ಎಂದರು. ಆಮೇಲೆ ಆ ಕೋಣೆಯಲ್ಲಿ ಮೇಡಂ ಬಾಯಿಂದ ಒಂದು ಕನ್ನಡ ಪದವೂ ಬರಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಿದ್ದರು, ಬೇರೆ ಬೇರೆಯಾಗಿಯೂ ಕರೆಯುತ್ತಿದ್ದರು. ಒಬ್ಬರೇ ಇದ್ದಾಗ ಹೇಳಿದ್ದು ನಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಲುಪುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದರು. ನನ್ನ ಸರದಿಯಲ್ಲಿ ಅಳು ಬಂದರೆ ನಾನು ಕನ್ನಡಕ್ಕೆ ಜಾರುತ್ತಿದ್ದೆ. ಅವರು ನೀರಿನ ಲೋಟ ಮುಂದೆ ಸರಿಸಿ, ಕೊನೆಯ ಮಾತಿನವರೆಗೂ ಕೇಳಿ, ಒಮ್ಮೆ ಅಂದರು: "ರೋನಾ ಜಿಸ್ ಭಾಷಾ ಮೇ ಆಯೇ, ರೋ ಲೀಜಿಯೇ." ಅಳು ಯಾವ ಭಾಷೆಯಲ್ಲಿ ಬಂದರೂ ಸರಿಯೇ, ಉತ್ತರ ಮಾತ್ರ ಹಿಂದಿಯಲ್ಲಿ. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮುಂದಿನ ತಾರೀಖಿಗೆ ಕಾಯುತ್ತಿದ್ದೆ. ಮನೆಯಲ್ಲಿ ಅಮ್ಮ ನನಗಿಂತ ಹೆಚ್ಚು ಅಳುತ್ತಿದ್ದರು, ಅಣ್ಣ ಕೂಗಾಡುತ್ತಿದ್ದ. ನಾನು ಮಾತು ಮುಗಿಸುವ ತನಕ ಸುಮ್ಮನಿರುತ್ತಿದ್ದವರು ಅವರೊಬ್ಬರೇ.

ಒಪ್ಪಂದ ಹತ್ತಿರ ಬಂದಿತ್ತು. ಮಗಳು ನನ್ನ ಬಳಿ, ಬೇಸಿಗೆ ರಜೆಯಲ್ಲಿ ಅರ್ಧ ಅಪ್ಪನ ಬಳಿ. ಸಹಿ ಹಾಕಬೇಕಿದ್ದ ದಿನ ಅವರು ಮೊದಲು ಗಂಡನನ್ನು ಒಬ್ಬರನ್ನೇ ಕರೆದರು. ತುಂಬಾ ಹೊತ್ತಾಯಿತು. ಗಂಡ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಆಮೇಲೆ ಮೇಡಂ ಇಬ್ಬರನ್ನೂ ಕರೆದು, ನಿಂತುಕೊಂಡೇ ಹೇಳಿದರು: ನಾನು ಈ ಪ್ರಕರಣದಿಂದ ಹಿಂದೆ ಸರಿಯುತ್ತಿದ್ದೇನೆ, ಕಾರಣ ಹೇಳಲಾರೆ, ಫೈಲು ಜಡ್ಜ್ ಸಾಹೇಬರ ಹತ್ತಿರ ವಾಪಸ್ ಹೋಗುತ್ತದೆ.

ನಾನು ಕಾರಿಡಾರಿನಲ್ಲಿ ಅವರ ಹಿಂದೆ ಓಡಿದೆ. "ಮೇಡಂ, ನಾನೇನು ತಪ್ಪು ಮಾಡಿದೆ?"

ಅವರು ನಿಂತರು. "ನಿಮ್ಮದು ಎಂತ ತಪ್ಪೂ ಇಲ್ಲ. ಇದಕ್ಕಿಂತ ಹೆಚ್ಚು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನ್ನೊಡನೆ ಅವರು ಆಡಿದ ಕನ್ನಡ ಅಷ್ಟೇ. ಹೆಗಲ ಮೇಲೆ ಇಡಲೆಂದು ಕೈ ಎತ್ತಿದರು. ಇಡದೆ ಇಳಿಸಿದರು...

ಗಂಡನ ಕಡೆಯವರು ಅವರನ್ನು ಕೊಂಡುಕೊಂಡಿದ್ದಾರೆ ಎಂದು ಅಣ್ಣ ದೂರು ಕೊಟ್ಟ. ವಿಚಾರಣೆಯಲ್ಲೂ ಅವರು ಕಾರಣ ಹೇಳಲಿಲ್ಲವಂತೆ. ಕೆಲವು ಕಾಲ ಅವರಿಗೆ ಪ್ರಕರಣ ಕೊಡುವುದನ್ನೇ ನಿಲ್ಲಿಸಿದರೆಂದು ನಮ್ಮ ವಕೀಲರು ತಿಳಿಸಿದರು. "ಊರಿನವಳು ಅಂತ ನಂಬಿದ್ದೇ ತಪ್ಪಾಯ್ತು" ಎಂದು ಅಮ್ಮ ಆಗಾಗ ಹೇಳುತ್ತಿದ್ದರು. ನನಗೆ ಹೌದೆನ್ನಲೂ ಆಗುತ್ತಿರಲಿಲ್ಲ, ಅಲ್ಲವೆನ್ನಲೂ ಆಗುತ್ತಿರಲಿಲ್ಲ. ತಾರೀಖಿಗೆ ಹೋದಾಗಲೆಲ್ಲ ಕಣ್ಣು ಅವರನ್ನೇ ಹುಡುಕುತ್ತಿತ್ತು. ಮರುವರ್ಷ ಬೇರೊಬ್ಬ ಮಧ್ಯಸ್ಥರ ಮುಂದೆ ಅದೇ ಷರತ್ತುಗಳಿಗೆ ಸಹಿಯಾಯಿತು. ಗಂಡ ಅದನ್ನು ಪಾಲಿಸಿದರು. ಪ್ರತಿ ಬೇಸಿಗೆಯಲ್ಲೂ ಶಾಲೆ ತೆರೆಯುವ ಮುಂಚೆ ಮಗಳನ್ನು ತಂದು ಬಿಟ್ಟರು.

ಈಗ ಮಗಳು ಖಾರಘರದಲ್ಲಿ ಕಾಲೇಜು ಓದುತ್ತಿದ್ದಾಳೆ. ಈ ಮಾರ್ಚಿನಲ್ಲಿ ಅವಳ ಕಾಲೇಜಿನ ಕಾರ್ಯಕ್ರಮಕ್ಕೆ ನಾನು, ಅವಳ ಅಪ್ಪ ಇಬ್ಬರೂ ಹೋಗಿದ್ದೆವು. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿರುವಾಗ ಅವಳ ಅಪ್ಪ ಇದ್ದಕ್ಕಿದ್ದಂತೆ ಅಂದರು, "ಉಸ್ ಮೇಡಂ ಕೋ ಮೈನೇ ಸಬ್ ಬತಾಯಾ ಥಾ." ಆ ಮೇಡಂಗೆ ತಾವು ಎಲ್ಲವನ್ನೂ ಹೇಳಿದ್ದರಂತೆ.

ಆಗ ಗಂಡನ ಅಣ್ಣ ದುಬೈನಲ್ಲಿದ್ದರು. ಸಹಿಯಾದ ಮೇಲೆ ರಜೆಗೆಂದು ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಿಡುವುದು, ತಿರುಗಿ ಬರದಿರುವುದು ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಮಾತು ಹೊರಗೆ ಹೋಗುವುದಿಲ್ಲವೆಂಬ ಧೈರ್ಯದಲ್ಲಿ ಇವರೇ ಅದನ್ನು ಮೇಡಂ ಬಳಿ ಬಾಯಿಬಿಟ್ಟಿದ್ದರು. ಮೇಡಂ ಹೇಳಿದ್ದು ಇಷ್ಟು: "ನಾನು ಅವಳಿಗೆ ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಆದರೆ ಸುಳ್ಳಿನ ಕೆಳಗೆ ಅವಳ ಸಹಿ ಹಾಕಿಸುವುದೂ ಇಲ್ಲ. ನೀವೇ ಹೇಳಿ, ಇಲ್ಲವಾದರೆ ನಾನು ಎದ್ದೆ." ಇವರು ಹೇಳಲಿಲ್ಲ. ಅವರು ಎದ್ದುಹೋದರು. ವರ್ಷದೊಳಗೆ ಇವರ ಅಣ್ಣ ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ಆ ಯೋಚನೆಯೂ ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಸಿಟ್ಟು ಬರಲಿಲ್ಲ. ಮೇಡಂ ಅವರನ್ನು ಒಮ್ಮೆ ನೋಡಬೇಕು ಎಂದಷ್ಟೇ ಅನಿಸಿತು.

ಕೋರ್ಟಿನಲ್ಲಿ ವಿಚಾರಿಸಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದರು ಅವರ ಜೊತೆಗಿದ್ದ ವಕೀಲರು. ಮನೆಗೆ ಫೋನ್ ಮಾಡಿ, ಕೇಳಿ, ಆಮೇಲೆ ಮಾಜಿವಾಡಾದ ವಿಳಾಸ ಕೊಟ್ಟರು.

ಬಾಗಿಲು ತೆರೆದವರು ಅವರ ತಾಯಿ. ತುಂಬಾ ವಯಸ್ಸಾಗಿತ್ತು, ಕಿವಿ ಮಂದ. "ಯಾರೂಂತ ಗೊತ್ತಾಗ್ಲಿಲ್ಲ" ಎಂದರು.

"ಒಂದು ಕೇಸಿಗೆ ಅವರ ಹತ್ತಿರ ಬಂದಿದ್ದೆ, ಅಮ್ಮ."

ಅವರು ನನ್ನನ್ನು ಕೂರಿಸಿ, ತಾವೂ ಕುಳಿತು, ನನ್ನ ಮುಖವನ್ನೇ ನೋಡಿದರು. "ಕೇಸಿನವರ ವಿಷಯ ಅವಳು ಮನೇಲಿ ಒಂದಕ್ಷರ ಹೇಳ್ತಿರ್ಲಿಲ್ಲ. ಮುಖ ಸಣ್ಣ ಮಾಡ್ಕೊಂಡು ಬಂದ ದಿನ ಎಂತಾಯ್ತು ಮಗಾ ಅಂತ ಕೇಳಿದ್ರೆ ತಲೆನೋವು ಅಂತಿದ್ಲು. ಅವಳು ಅಲ್ಲಿ ಎಂತ ಮಾಡ್ತಿದ್ಲು ಅಂತ ನಂಗೆ ಗೊತ್ತೇ ಇಲ್ಲ ಮಾರಾಯ್ತಿ. ನೀವಾದ್ರೂ ಹೇಳ್ತೀರಾ?"

ಕೇಳಬೇಕಾದವರು ಇರಲಿಲ್ಲ. ನಾನು ಆ ತಾಯಿಯ ಪಕ್ಕಕ್ಕೆ ಸರಿದು ಕುಳಿತು, ಕಿವಿಯ ಹತ್ತಿರ ಬಾಗಿ, ಮೊದಲಿನಿಂದ ಹೇಳತೊಡಗಿದೆ.